ಹೆಸರಿನ ಮೊದಲಕ್ಷರ

ಕೊಟ್ಟೂರು
6-1-2025

ಹುಲುಗೇಶಣ್ಣನವರಿಗೆ ಕೊಟ್ರಮ್ಮ ಮಾಡುವ ನಮಸ್ಕಾರಗಳು.

ಎಂಟು ಸಲ ಫೋನ್ ಮಾಡಿದೆ. ಎಂಟು ಸಲವೂ ಬರೀ ರಿಂಗಾಯಿತು. ನಿಮಗೆ ನಮ್ಮ ಮನೆಯ ಮೇಲೆ ಸಿಟ್ಟಿದೆ ಎಂದು ಗೊತ್ತು. ಹನ್ನೆರಡು ವರ್ಷ ಇವರ ಜೊತೆ ಪ್ರಚಾರದ ಆಟೋದಲ್ಲಿ ಊರೂರು ತಿರುಗಿ, ಮೂರು ವರ್ಷದ ಹಿಂದೆ ಒಂದು ದಿನ ‘ನನಗ ಸಾಕಾತು’ ಎಂದು ಒಂದೇ ಮಾತು ಹೇಳಿ ಎದ್ದು ಹೋದವರು ನೀವು. ಯಾಕೆ ಎಂದು ಇವರಿಗೂ ಹೇಳಲಿಲ್ಲ. ಆ ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಟ್ಟು ಈ ಕಾಗದವನ್ನು ಪೂರ್ತಿ ಓದಿ.

ಇವರಿಗೆ ನವೆಂಬರಿನಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸ್ವಲ್ಪ ಸ್ವಲ್ಪ ಸ್ವಾಧೀನಕ್ಕೆ ಬರುತ್ತಿವೆ. ಮಾತು ಮಾತ್ರ ಪೂರ್ತಿ ಹೋಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆ ‘ಮೈಕಣ್ಣ’ ಎಂದರೆ ಕುರಿ ಕಾಯುವವರಿಗೂ ಗೊತ್ತಿದ್ದ ದನಿ ಅದು. ಈಗ ನೀರು ಬೇಕಾದರೂ ‘ತಾ ತಾ’, ಸೊಳ್ಳೆ ಕಚ್ಚಿದರೂ ‘ತಾ ತಾ’. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲು ಬರುವುದಿಲ್ಲ. ಹೇಳಲಾಗದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಾರೆ.

ದಾವಣಗೆರೆಯಲ್ಲಿ ಮಾತು ಕಲಿಸುವ ಸುಕನ್ಯಾ ಮೇಡಂ ಅಂತ ಇದ್ದಾರೆ. ಅವರು ಹೇಳಿದರು: ‘ಮೊದಲ ಆರು ತಿಂಗಳು ಬಹಳ ಮುಖ್ಯ ಕಣಮ್ಮ. ಅವರದೇ ದನಿ ಎಲ್ಲಾದರೂ ಇದ್ದರೆ ದಿನಾ ಕೇಳಿಸಿ. ಕೇಳಿ ಕೇಳಿ ಬಾಯಿ ಆಡಿಸಲಿ.’ ಲೆಕ್ಕ ಹಾಕಿದರೆ ಮೇ ತಿಂಗಳಿಗೆ ಆರು ತಿಂಗಳು. ಆಟೋ ಚೌಡಣ್ಣನ ಪೆನ್‌ಡ್ರೈವಿನಲ್ಲಿ ಬಟ್ಟೆ ಅಂಗಡಿಯದೊಂದು ಪ್ರಚಾರ ಮಾತ್ರ ಇತ್ತು. ಅದರಲ್ಲಿ ಡ್ರಮ್ಮಿನ ಗದ್ದಲವೇ ಮುಕ್ಕಾಲು. ಉಳಿದದ್ದೆಲ್ಲ ರೆಕಾರ್ಡಿಂಗ್ ಕೋಣೆಯ ಕಂಪ್ಯೂಟರಿನಲ್ಲಿದೆ.

ಅದರ ಸ್ವಿಚ್ ಹಾಕಿದರೆ ಕಪ್ಪು ಪರದೆ. ಬಿಳಿ ಅಕ್ಷರಗಳು ದಡದಡ ಓಡಿ, ಕಡೆಗೆ kottur login: ಎಂದು ನಿಂತು, ಪಕ್ಕದಲ್ಲೊಂದು ಗೀಟು ಮಿಣಿಮಿಣಿ ಮಾಡುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಅಲ್ಲಾಡಿಸಿದರೆ ಏನೂ ಅಲ್ಲಾಡುವುದಿಲ್ಲ. ಇಲ್ಲಿನ ಕಂಪ್ಯೂಟರ್ ರಿಪೇರಿಯವನು ಬಂದು ನೋಡಿ ತಲೆ ಕೆರೆದುಕೊಂಡ. ‘ಇದು ಲಿನಕ್ಸ್ ಐತ್ರಿ ಅಕ್ಕಾರ. ಯಾರ್ ಹಾಕ್ಯಾರ್ರಿ ಇದನ್ನ? ಮುಂದಿನ ವಾರ ಬಂದು ಒಯ್ದು, ಫಾರ್ಮ್ಯಾಟ್ ಮಾಡಿ ಹೊಸಾದು ಹಾಕಿಕೊಡ್ತೀನಿ ಬಿಡ್ರಿ’ ಎಂದು ಹೇಳಿ ಹೋದ. ಹೂಂ ಅನ್ನಲೋ ಬೇಡವೋ ತಿಳಿಯುತ್ತಿಲ್ಲ.

ಹಾಕಿದ್ದು ನೀವೇ. ಬಂದು ತೆಗೆದುಕೊಡಿ.

ಕೊಟ್ರಮ್ಮ

* * *

ಇಟ್ಟಿಗಿ
11-1-2025

ಕೊಟ್ರಮ್ಮಕ್ಕಾ,

ಮೊದಲು ಆ ಫಾರ್ಮ್ಯಾಟ್ ಮಾಡುವವನನ್ನು ಹೊಸ್ತಿಲು ದಾಟಿಸಬೇಡಿ. ಫಾರ್ಮ್ಯಾಟ್ ಎಂದರೆ ಬರೆದ ಪಾಟಿಯ ಮೇಲೆ ಒದ್ದೆ ಬಟ್ಟೆ ಎಳೆದ ಹಾಗೆ. ಮರುಳಣ್ಣನ ಹದಿನೈದು ವರ್ಷದ ದನಿ ಒಂದೇ ಏಟಿಗೆ ಹೋಗುತ್ತದೆ. ಈ ಕಾಗದ ತಲುಪುವಷ್ಟರಲ್ಲಿ ಅವನು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ ಕಾಗದ ಓದಿದ ದಿನ ಊಟ ಸೇರಲಿಲ್ಲ. ಮರುಳಣ್ಣ ಮತ್ತು ಮಾತಿಲ್ಲ ಎನ್ನುವುದು ಒಂದೇ ಸಾಲಿನಲ್ಲಿ ಹೇಗೆ ಬಂದವು ಎಂದು ಮತ್ತೆ ಮತ್ತೆ ಓದಿದೆ. ಬರಬೇಕೆಂದರೆ ಡಿಸೆಂಬರಿನಲ್ಲಿ ಬೈಕೊಂದು ಹಿಂದಿನಿಂದ ಹೊಡೆದು ಎಡಗಾಲು ಮುರಿದಿದೆ. ತೊಡೆಯವರೆಗೆ ಪ್ಲಾಸ್ಟರ್. ಹಾಗಾಗಿ ಕಾಗದದಲ್ಲೇ ಕಲಿಸುತ್ತೇನೆ. ಫೋನು ಬೇಡ. ಇದು ಬಾಯಿಮಾತಿನಲ್ಲಿ ಕಲಿಸುವ ವಿದ್ಯೆಯಲ್ಲ. ಒಂದು ಚುಕ್ಕೆ ಹೆಚ್ಚು ಕಡಿಮೆಯಾದರೂ ಯಂತ್ರ ಒಪ್ಪುವುದಿಲ್ಲ.

ಆ ಹಳೆಯ ಡಬ್ಬಿಗೆ ಚಿತ್ರ, ಬಣ್ಣ ಹೊರುವ ಶಕ್ತಿ ಇರಲಿಲ್ಲ. ಅದಕ್ಕೇ ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ಹಾಕಿಕೊಟ್ಟೆ. ಇಲ್ಲಿ ಒತ್ತಿ ತೋರಿಸುವುದಿಲ್ಲ, ಬರೆದು ಹೇಳಬೇಕು. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಒಂದು ಕೆಲಸ. ಅಷ್ಟೇ.

login: ಎಂದು ಕೇಳಿದಾಗ ಮರುಳಣ್ಣನ ಹೆಸರು ಹೊಡೆಯಿರಿ. ಎಲ್ಲ ಸಣ್ಣ ಅಕ್ಷರ, ಮಧ್ಯೆ ಜಾಗ ಬಿಡಬಾರದು: marulappa. ಎಂಟರ್. ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ಅದು ಮೈಕಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಚೀಟಿಯಲ್ಲಿ ಅಂಟಿಸಿದೆ. ಒಳಗೆ ಹೋದ ಮೇಲೆ pwd ಎಂದು ಹೊಡೆದರೆ ನೀವು ಎಲ್ಲಿ ನಿಂತಿದ್ದೀರಿ ಎಂದು ಹೇಳುತ್ತದೆ. ls ಎಂದರೆ ಅಲ್ಲಿ ಏನೇನಿದೆ ಎಂದು ತೋರಿಸುತ್ತದೆ. cd ಎಂದು ಬರೆದು ಜಾಗ ಬಿಟ್ಟು ಕೋಣೆಯ ಹೆಸರು ಬರೆದರೆ ಆ ಕೋಣೆಗೆ ಹೋಗುತ್ತೀರಿ. ಇಷ್ಟು ಮಾಡಿ ಬರೆಯಿರಿ.

ಹುಲುಗೇಶ

* * *

ಕೊಟ್ಟೂರು
17-1-2025

ಹುಲುಗೇಶಣ್ಣನವರಿಗೆ,

ರಿಪೇರಿಯವನು ಚೀಲ ಹಿಡಿದು ಬಂದೇಬಿಟ್ಟಿದ್ದ. ನಿಮ್ಮ ಕಾಗದ ಬಂದು ಒಂದು ತಾಸು ಆಗಿತ್ತಷ್ಟೆ. ನಮ್ಮ ಅತ್ತೆ ಬಸಲಿಂಗಮ್ಮನವರು ಬಾಗಿಲಿಗೆ ಅಡ್ಡ ಕೂತು, ‘ನಮ್ಮ ತಮ್ಮನ ಮಾತು ಅದರಾಗ ಐತಿ. ಮುಟ್ಟಿದ್ರ ನೋಡು’ ಎಂದರು. ಅವರು ಮಗನನ್ನು ಕರೆಯುವುದೇ ‘ತಮ್ಮಾ’ ಎಂದು. ರಿಪೇರಿಯವನು ಬಂದ ದಾರಿ ಹಿಡಿದ.

ಇನ್ನು ನಿಮ್ಮ ವಿದ್ಯೆ. ಅಣ್ಣಾ, ನನಗೆ ಒಂದೂ ತಿಳಿಯಲಿಲ್ಲ. ಪಾಸ್‌ವರ್ಡ್ ಎಂದು ಕೇಳಿತು, ಚೀಟಿ ನೋಡಿ ಹೊಡೆದೆ, ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ತಿರುವಿ ಹಾಕಿ ತಟ್ಟಿದೆ. ಒಳಗಿನಿಂದ ಎರಡು ಇರುವೆ, ಒಂದು ಅಡಿಕೆ ಚೂರು ಬಿದ್ದವು. ಮತ್ತೆ ಹೊಡೆದೆ, ಮತ್ತೆ ಏನೂ ಮೂಡಲಿಲ್ಲ. ಎಂಟರ್ ಒತ್ತಿದರೆ Login incorrect ಎಂದಿತು. ಹದಿನಾಲ್ಕು ಸಲ ಹಾಗೇ ಎಂದಿತು. ಬೇಸತ್ತು login ಎಂಬಲ್ಲಿಯೇ ls ಎಂದು ಹೊಡೆದೆ. ಅದಕ್ಕೂ ಪಾಸ್‌ವರ್ಡ್ ಕೇಳಿತು! pwd ಎಂದೆ. ನನಗೆ ಗೊತ್ತಿರುವುದು ರಸ್ತೆಗೆ ಡಾಂಬರು ಹಾಕುವ ಪಿಡಬ್ಲ್ಯೂಡಿ ಒಂದೇ. ಅದೂ ಕೆಲಸ ಮಾಡಲಿಲ್ಲ, ಇದೂ ಮಾಡಲಿಲ್ಲ.

ನಾನು ಪಿಯುಸಿವರೆಗೆ ಓದಿದವಳು. ಅಳತೆಯ ಜಾಕೀಟು ಕೊಡದಿದ್ದರೂ ಕಣ್ಣಳತೆಯಲ್ಲಿ ಹೊಲಿದು ಕೊಡುತ್ತೇನೆ, ಕಂಕುಳಲ್ಲಿ ಒಂದು ನೂಲು ಬಿಗಿಯಾಗುವುದಿಲ್ಲ. ಇಂಥ ನನಗೆ ಈ ಡಬ್ಬಿ ತಪ್ಪು ತಪ್ಪು ಎಂದು ಹೇಳುತ್ತದೆ. ಬಾಗಿಲಲ್ಲಿ ಇವರು ಗೋಡೆ ಹಿಡಿದು ನಿಂತು ನೋಡುತ್ತಿರುತ್ತಾರೆ. ‘ತಾ ತಾ’ ಎನ್ನುತ್ತಾರೆ. ಬೈದರೋ, ಹೇಳಿಕೊಟ್ಟರೋ ಗೊತ್ತಾಗುವುದಿಲ್ಲ.

ನೀವು ಬರೆದ ಹಾಗೆಯೇ ಹೊಡೆದಿದ್ದೇನೆ. ತಪ್ಪು ನನ್ನದಲ್ಲ.

ಕೊಟ್ರಮ್ಮ

* * *

ಇಟ್ಟಿಗಿ
22-1-2025

ಕೊಟ್ರಮ್ಮಕ್ಕಾ,

ಬಸಲಿಂಗಮ್ಮನವರ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ಪಾಸ್‌ವರ್ಡ್ ಹೊಡೆಯುವಾಗ ಅಕ್ಷರ ಕಾಣಬಾರದು, ಅದು ಗುಟ್ಟು. ಕೀಲಿಮಣೆ ನೆಟ್ಟಗಿದೆ, ತಟ್ಟಬೇಡಿ. login ಎಂಬ ಬಾಗಿಲು ದಾಟುವವರೆಗೆ ls, pwd ಯಾವುದೂ ನಡೆಯುವುದಿಲ್ಲ. ಅಲ್ಲಿ ನೀವು ಏನು ಹೊಡೆದರೂ ಅದನ್ನು ಒಬ್ಬರ ಹೆಸರೆಂದೇ ತಿಳಿಯುತ್ತದೆ. ಎಲ್ಎಸ್ ಎನ್ನುವ ಮನುಷ್ಯ ಬಂದಿದ್ದಾನೆ, ಗುಟ್ಟು ಹೇಳಲಿ ಎಂದು ಕೇಳಿದೆ, ಅಷ್ಟೆ.

ಹದಿನಾಲ್ಕು ಸಲ ತಪ್ಪು ಎಂದಿದ್ದರೆ ಕಾರಣ ಮೂರು. ಕ್ಯಾಪ್ಸ್ ಲಾಕ್ ದೀಪ ಹತ್ತಿರಬಹುದು, ಆರಿಸಿ. ಬಲಗಡೆಯ ಅಂಕಿಗಳಲ್ಲಿ ಒತ್ತಿದ್ದರೆ ನಮ್ ಲಾಕ್ ದೀಪ ಹತ್ತಿರಬೇಕು. ಇಲ್ಲವೇ ಚೀಟಿಯಲ್ಲಿ ಮರುಳಣ್ಣನ ಕೈಬರಹದ ಸೊನ್ನೆಯನ್ನು ‘ಓ’ ಎಂದು ಓದಿದ್ದೀರಿ. ಅವನ ಸೊನ್ನೆಗೆ ಯಾವಾಗಲೂ ಬಾಲವಿರುತ್ತದೆ. ಹೆಸರಂತೂ ತಪ್ಪಿರಲಾರದು. ಇಪ್ಪತ್ತು ವರ್ಷ ಸಂಸಾರ ಮಾಡಿದವರು ಗಂಡನ ಹೆಸರು ತಪ್ಪು ಹೊಡೆಯುತ್ತೀರಾ?

ಇನ್ನೂ ಒಂದು. ಲಿನಕ್ಸ್ ಬಹಳ ಮಾತಾಡುವುದಿಲ್ಲ. ಹೇಳಿದ ಕೆಲಸ ಸರಿಯಾಗಿ ಆದರೆ ಏನೂ ಅನ್ನುವುದಿಲ್ಲ, ಸುಮ್ಮನೆ ಮುಂದಿನ ಸಾಲು ಕೊಡುತ್ತದೆ. ತಪ್ಪಾದರೆ ಮಾತ್ರ ಬಾಯಿ ತೆರೆಯುತ್ತದೆ. ಹಾಗಾಗಿ ಸುಮ್ಮನಿದ್ದರೆ ಕೆಟ್ಟಿತೆಂದು ಹೆದರಬೇಡಿ.

ಮತ್ತೆ ತಪ್ಪು ಎಂದರೆ ಯಾವ ಯಾವ ಗುಂಡಿ ಒತ್ತಿದಿರಿ ಎಂದು ಒಂದೊಂದೇ ಅಕ್ಷರ ಬರೆದು ಕಳಿಸಿ. ಮುಚ್ಚಿಡಬೇಡಿ, ನಾನು ನಗುವುದಿಲ್ಲ.

ಹುಲುಗೇಶ

* * *

ಕೊಟ್ಟೂರು
3-2-2025

ಹುಲುಗೇಶಣ್ಣನವರಿಗೆ,

ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಬರೆಯಲು ನಾಚಿಕೆಯಾಗುತ್ತಿತ್ತು.

ಯಾವ ಗುಂಡಿ ಒತ್ತಿದೆ ಎಂದು ಕೇಳಿದಿರಲ್ಲ. ಮೊದಲು ivru ಎಂದು ಹೊಡೆದೆ. ಆಗಲಿಲ್ಲ. ಆಮೇಲೆ maniyavru. ಆಮೇಲೆ, ಊರೆಲ್ಲ ಹಾಗೇ ಕರೆಯುತ್ತದೆ ಎಂದು mikanna. ಹೆಸರು ಹೊಡೆದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲ ಬಿಟ್ಟರೆ ನಾನು ಆ ಹೆಸರನ್ನು ಬಾಯಲ್ಲಿ ಹಿಡಿದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ನಿಮ್ಮ ಕಾಗದದಲ್ಲಿ ನೀವು ಆರಾಮಾಗಿ ಬರೆದುಬಿಟ್ಟಿದ್ದೀರಿ. ಅದನ್ನು ಓದುವಾಗ ಆ ಜಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಓದಿದೆ.

ನಗುವುದಾದರೆ ನಗಿ. ಆದರೆ ಇದನ್ನೂ ಓದಿ. ನವೆಂಬರಿನಲ್ಲಿ ಒಂದು ಕಚೇರಿಗೆ ಹೋಗಿದ್ದೆ, ಯಾವುದೋ ಕಾರ್ಡಿನ ತಿದ್ದುಪಡಿ. ಕೂತಿದ್ದವನು ‘ಗಂಡನ ಹೆಸರೇನಮ್ಮಾ’ ಎಂದ. ಹಳೆಯ ಕಾರ್ಡು ತೋರಿಸಿದೆ. ‘ಅಕ್ಷರ ಕಾಣವಲ್ದು, ಬಾಯಿಬಿಟ್ಟು ಹೇಳಮ್ಮಾ. ಹಿಂದ ಇಷ್ಟ್ ಮಂದಿ ನಿಂತಾರ’ ಎಂದ. ಹಿಂದಿನವರು ನಗತೊಡಗಿದರು. ಸಿಟ್ಟು ಬಂದು ಜೋರಾಗಿ ಹೇಳಿಬಿಟ್ಟೆ. ನಾಲ್ಕನೆಯ ದಿನಕ್ಕೆ ಇವರು ಮೈಕ್ ಹಿಡಿದುಕೊಂಡೇ ಕೆಳಗೆ ಬಿದ್ದರು. ಹೆಸರು ಹಿಡಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಅದೆಲ್ಲ ಸುಳ್ಳೆಂದು ಓದಿದವರು ಹೇಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಆದರೂ ಆ ಗುಂಡಿಗಳ ಮೇಲೆ ಬೆರಳಿಟ್ಟು ಮತ್ತೆ ಹಿಂದಕ್ಕೆ ತೆಗೆಯುತ್ತೇನೆ ಅಣ್ಣಾ. ಇದನ್ನು ಅತ್ತೆಗೂ ಹೇಳಿಲ್ಲ. ಎದುರುಮನೆ ರೇಖಾಳನ್ನು ಕರೆದು ಹೊಡೆಸಬಹುದಿತ್ತು. ಅವಳಿಗೆ ಹೇಳಿದರೆ ಓಣಿಗೆ ಮೈಕ್ ಹಚ್ಚಿದಂತೆ.

ಸುಕನ್ಯಾ ಮೇಡಂ ಕೂಡ ಇದೇ ಬೆನ್ನು ಹತ್ತಿದ್ದಾರೆ. ‘ನಿಮ್ಮ ಹೆಸರೇನು’ ಎಂದು ಇವರನ್ನು ಕೇಳಿದರು. ಇವರು ಬಾಯಿ ತೆರೆದರು, ನೋಡಿದರು, ‘ತಾ’ ಎಂದರು. ಆ ಮುಖ ನೋಡಬೇಕಿತ್ತು ನೀವು. ತನ್ನ ಹೆಸರು ತನಗೇ ಸಿಗದ ಮುಖ. ಮೇಡಂ ನನ್ನ ಕಡೆ ತಿರುಗಿ, ‘ಮನೇಲಿ ದಿನಾ ಹೆಸರಿಂದ ಮಾತಾಡಿಸಿ. ಬರೀ ಮೊದಲಕ್ಷರ ಹೇಳಿ ನಿಲ್ಲಿಸಿ, ಉಳಿದದ್ದು ಅವರೇ ಹುಡುಕಿಕೊಳ್ಳಲಿ’ ಎಂದರು. ಹೂಂ ಎಂದು ಬಂದೆ. ಅತ್ತೆಗೆ ತಮ್ಮ, ಊರಿಗೆ ಮೈಕಣ್ಣ, ನನಗೆ ಇವರು. ಆ ಹೆಸರನ್ನು ಕರೆಯುವವರು ಈ ಮನೆಯಲ್ಲಿ ಒಬ್ಬರೂ ಇಲ್ಲವೆಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಮೊದಲಕ್ಷರ ಕೂಡ ನನ್ನ ಗಂಟಲಿನಿಂದ ಮೇಲೆ ಬರುವುದಿಲ್ಲ.

ನೀವೊಬ್ಬರು ‘ಮ’ದಿಂದ ಕಡೆಯವರೆಗೆ ಕರೆಯುತ್ತಿದ್ದಿರಿ. ನೀವು ಫೋನು ಎತ್ತುವುದಿಲ್ಲ.

ಕೊಟ್ರಮ್ಮ

* * *

ಇಟ್ಟಿಗಿ
8-2-2025

ಕೊಟ್ರಮ್ಮಕ್ಕಾ,

mikanna ಎಂಬಲ್ಲಿಗೆ ಬಂದಾಗ ನಕ್ಕೆ, ಸುಳ್ಳು ಹೇಳುವುದಿಲ್ಲ. ಮುಂದಿನ ಸಾಲುಗಳನ್ನು ಓದಿ ಕಾಗದ ಮಡಿಸಿ ಕೂತೆ. ಒಂದು ಹೆಸರಿನಿಂದ ಯಾರೂ ಬೀಳುವುದಿಲ್ಲ ಅಕ್ಕಾ. ಮರುಳಣ್ಣನಿಗೆ ಎರಡು ವರ್ಷದಿಂದ ಬಿಪಿ ಇತ್ತು. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ, ನುಂಗುತ್ತಿರಲಿಲ್ಲ ಎಂದು ಚೌಡಣ್ಣನೇ ಒಂದು ಸಲ ಬರೆದಿದ್ದ. ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ನಂಬಿಕೆ ಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಹಟಕ್ಕೂ ಲಿನಕ್ಸಿನಲ್ಲಿ ದಾರಿ ಇದೆ. ರಿಪೇರಿಗೆಂದು ಆ ಯಂತ್ರದಲ್ಲಿ ನನ್ನ ಹೆಸರಿನಲ್ಲೂ ಒಂದು ಬಾಗಿಲು ಮಾಡಿಟ್ಟಿದ್ದೆ. login: ಎಂದಾಗ hulugesha ಎಂದು ಹೊಡೆಯಿರಿ, ಪಾಸ್‌ವರ್ಡ್ ittigi. ನನ್ನ ಹೆಸರು ಹಿಡಿಯಲು ನಿಮಗೆ ಅಡ್ಡಿಯಿಲ್ಲವಲ್ಲ, ನನ್ನ ಆಯುಷ್ಯದ ಚಿಂತೆ ಬೇಡ.

ಒಳಗೆ ಹೋದ ಮೇಲೆ ಹೀಗೆ ಬರೆಯಿರಿ, ಎಂಟರ್ ಒತ್ತಬೇಡಿ:

cd /home/m

ಅಷ್ಟಕ್ಕೇ ನಿಲ್ಲಿಸಿ, ಎಡಗಡೆ ಇರುವ ಟ್ಯಾಬ್ ಎಂಬ ಗುಂಡಿ ಒತ್ತಿ. ಮೊದಲಕ್ಷರ ಕೊಟ್ಟರೆ ಸಾಕು, ಆ ಅಕ್ಷರದ್ದು ಅಲ್ಲಿ ಒಂದೇ ಇದ್ದರೆ ಉಳಿದ ಹೆಸರನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ನೀವು ಹೇಳಬೇಕಾಗಿಲ್ಲ, ಬರೆಯಬೇಕಾಗಿಲ್ಲ. ಆಮೇಲೆ ಎಂಟರ್. ls ಎಂದರೆ dhwani ಎಂಬ ಕೋಣೆ ಕಾಣುತ್ತದೆ. cd dhwani ಎಂದು ಒಳಗೆ ಹೋಗಿ ಮತ್ತೆ ls. ಕೇಳಬೇಕಾದರೆ aplay ಎಂದು ಬರೆದು, ಜಾಗ ಬಿಟ್ಟು, ಕಡತದ ಹೆಸರು. ಅಲ್ಲೂ ಟ್ಯಾಬ್ ನಡೆಯುತ್ತದೆ. ಒಂದು ಎಚ್ಚರ: rm ಎಂಬ ಎರಡಕ್ಷರ ಮಾತ್ರ ಎಂದೂ ಹೊಡೆಯಬೇಡಿ. ಅದು ಅಳಿಸುತ್ತದೆ, ಅಳಿಸಿದ್ದನ್ನು ತಿರುಗಿ ಕೊಡುವುದಿಲ್ಲ.

ಫೋನಿನ ಮಾತು ಬಿಟ್ಟುಬಿಡಿ. ಸಿಟ್ಟಿಲ್ಲ ಎಂದಷ್ಟೇ ಹೇಳುತ್ತೇನೆ.

ಹುಲುಗೇಶ

* * *

ಕೊಟ್ಟೂರು
24-2-2025

ಹುಲುಗೇಶಣ್ಣನವರಿಗೆ,

ಬಾಗಿಲು ತೆರೆಯಿತು! ನಿಮ್ಮ ಹೆಸರನ್ನು ಹಿಂದೆಮುಂದೆ ನೋಡದೆ ಟಕಟಕ ಹೊಡೆದೆ. ನಿಮ್ಮ ಕಾಗದದ ಹಿಂದೆ whoami ಎಂದು ಏನೋ ಬರೆದು ಗೀಚಿಹಾಕಿದ್ದಿರಿ, ಅದನ್ನೂ ಹೊಡೆದು ನೋಡಿದೆ. ನಾನು ಯಾರು ಎಂದು ಕೇಳಿದರೆ hulugesha ಎಂದಿತು. ಗಾಬರಿಯಾಗಿ ಎದ್ದು ನಿಂತೆ. ಈ ಮನೆಯಲ್ಲಿ ಒಬ್ಬರಿಗೆ ತಾನು ಯಾರೆಂದು ಹೇಳಲು ಬರುವುದಿಲ್ಲ, ಇನ್ನೊಬ್ಬಳು ಹುಲುಗೇಶನಾದಳು ಎಂದು ಅತ್ತೆಗೆ ಹೇಳಿದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು.

ಆಮೇಲೆ ಆ ಒಂದಕ್ಷರ ಒತ್ತಿದೆ. ‘ಮನಿ’ ಎನ್ನುವುದಕ್ಕೂ ಅದೇ ಅಕ್ಷರವಲ್ಲವೇ ಎಂದುಕೊಂಡು ಒತ್ತಿದೆ. ಟ್ಯಾಬ್ ಒತ್ತಿದ ಕೂಡಲೇ ಅದು ಪೂರ್ತಿ ಹೆಸರನ್ನು ತಾನೇ ಬರೆಯಿತು. ನಾನು ಕೈ ಎತ್ತಿಕೊಂಡೇ ಕೂತಿದ್ದೆ, ದೇವರಾಣೆ ನಾನು ಬರೆದದ್ದಲ್ಲ. ಒಳಗೆ ಹೋದರೆ ಇನ್ನೂರ ಹನ್ನೊಂದು ಕಡತ. ಕಣ್ಣಿನ ಶಿಬಿರ, ನಾಟಕ, ನಲ್ಲಿ ನೀರು ಎರಡು ದಿನ ಬರುವುದಿಲ್ಲ ಎಂಬುದು, ಎಲ್ಲ ಇವೆ.

emme ಎಂಬುದನ್ನು ಹಾಕಿದೆ. ‘ಮಹಾಜನರಲ್ಲಿ ವಿನಂತಿ. ತೆಲಿಗಿ ಗ್ರಾಮದ ಹಂಪಕ್ಕನವರ ಎಮ್ಮೆ, ಎಡಗೊಂಬು ಮುರಿದದ್ದು, ಹಣೆಯ ಮೇಲೆ ಬಿಳಿ ಚುಕ್ಕೆ, ಸಂತೆಯ ದಿನದಿಂದ ಕಾಣೆಯಾಗಿದೆ’ ಎಂದು ಕೋಣೆಯ ತುಂಬ ಇವರ ದನಿ. ಅತ್ತೆ ಅಡುಗೆಮನೆಯಿಂದ ‘ತಮ್ಮಾ!’ ಎಂದು ಓಡಿಬಂದರು. ಬಾಯಿ ಬಂತು ಎಂದುಕೊಂಡರು ಪಾಪ. ಇವರು ಕುರ್ಚಿಯಲ್ಲಿ ಕೂತು ಕೇಳಿದರು. ಕೇಳುತ್ತ ಕೇಳುತ್ತ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಎಡಗೈಯಿಂದ ಮೇಜು ಗುದ್ದಿದರು. ಆಮೇಲೆ ಅತ್ತರು. ಒಂದು ವಾರದಿಂದ ಆ ಕೋಣೆಯ ಕಡೆ ಹೆಜ್ಜೆಯಿಡುತ್ತಿಲ್ಲ. ನಾನೇನು ಮಾಡಿದೆ ಅಣ್ಣಾ? ಕಷ್ಟಪಟ್ಟು ದನಿ ಹುಡುಕಿ ತಂದರೆ, ಅದೇ ದನಿ ಇವರನ್ನು ಹೊಡೆಯಿತು.

ಭಾನುವಾರ ಹತ್ತು ಗಂಟೆಗೆ ನಿಮಗೆ ಫೋನ್ ಮಾಡಿದೆ. ಎತ್ತಿದಿರಿ! ನಾನು ಏನೂ ಮಾತಾಡದೆ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ಎಮ್ಮೆಯ ಪ್ರಚಾರ ಪೂರ್ತಿ ಕೇಳಿಸಿದೆ. ಗೆಳೆಯನ ದನಿ ಕೇಳಿದರೆ ಕರಗುತ್ತಾರೆ ಎಂದುಕೊಂಡೆ. ನೀವು ಒಂದು ‘ಹ್ಞೂಂ’ ಕೂಡ ಅನ್ನದೆ ಇಟ್ಟುಬಿಟ್ಟಿರಿ. ಸಿಟ್ಟಿಲ್ಲ ಎಂದು ಬರೆದವರು ಎಂಥ ಕಲ್ಲು ಮನಸ್ಸಿನವರು ನೀವು! ಇನ್ನು ಕಾಗದ ಬೇಡ. ಕಲಿಸಿದ್ದಕ್ಕೆ ಉಪಕಾರವಾಯಿತು.

ಕೊಟ್ರಮ್ಮ

* * *

ಇಟ್ಟಿಗಿ
1-3-2025

ಅಕ್ಕಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಇದೊಂದನ್ನು ಓದಿಬಿಡಿ.

ಭಾನುವಾರ ಜೇಬಿನಲ್ಲಿ ಫೋನು ನಡುಗಿತು. ನಿಮ್ಮ ನಂಬರು ಕಂಡಿತು. ತಡೆಯಲಾಗದೆ ಎತ್ತಿ ಕಿವಿಗೆ ಒತ್ತಿ ಹಿಡಿದೆ. ಎಡಗಿವಿಗೆ ಹಿಡಿದೆ, ಬಲಗಿವಿಗೆ ಹಿಡಿದೆ. ಏನೂ ಇಲ್ಲ. ನನಗೆ ಕಿವಿ ಕೇಳುವುದಿಲ್ಲ ಅಕ್ಕಾ. ಮೂರು ವರ್ಷವಾಯಿತು. ಹನ್ನೆರಡು ವರ್ಷ ಆಟೋದಲ್ಲಿ ಆ ಹಾರ್ನ್ ಸ್ಪೀಕರಿನ ಕೆಳಗೇ ಕೂತಿದ್ದೆನಲ್ಲ. ಮೊದಲು ಗುಂಯ್ ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಮರುಳಣ್ಣ ಒಳಗಿನಿಂದ ‘ಲೇ ಹುಲುಗ್ಯಾ, ರೆಕಾರ್ಡ್ ಹಾಕಲೇ’ ಎಂದು ಕೂಗುತ್ತಿದ್ದ, ನಾನು ಸುಮ್ಮನೆ ಕೂತಿರುತ್ತಿದ್ದೆ. ಅವನು ಸೊಕ್ಕು ಎಂದುಕೊಂಡ. ಅವನ ಮೈಕಿನಿಂದ ಹೀಗಾಯಿತು ಎಂದು ಅವನಿಗೆ ಹೇಗೆ ಹೇಳಲಿ? ಗೊತ್ತಾದರೆ ಮೈಕ್ ಮುಟ್ಟುತ್ತಿರಲಿಲ್ಲ. ಅದಕ್ಕೇ ಸಾಕಾತು ಎಂದು ಬಂದೆ. ಡಿಸೆಂಬರಿನಲ್ಲಿ ಆ ಬೈಕಿನವನು ಹಾರ್ನ್ ಹೊಡೆದೇ ಹೊಡೆದನಂತೆ.

ನಿಮಗೆ ಮುಚ್ಚಿಟ್ಟದ್ದು ತಪ್ಪು. ಮುಚ್ಚಿಡಬೇಡಿ ಎಂದು ನಿಮಗೇ ಬುದ್ಧಿ ಹೇಳಿದ್ದೆ ಬೇರೆ.

ಎಮ್ಮೆಯ ಪ್ರಚಾರವನ್ನು ನೀವು ಬರೆದದ್ದರಲ್ಲೇ ಕೇಳಿಕೊಂಡೆ. ಎಡಗೊಂಬು ಎನ್ನುವಾಗ ಅವನು ಉಸಿರು ಎಳೆದುಕೊಳ್ಳುತ್ತಿದ್ದ. ಅವನು ಅತ್ತದ್ದು ನಿಮ್ಮ ತಪ್ಪಿನಿಂದಲ್ಲ. ಅದು ಸಂತೆಗೆ ಆಡಿದ ಮಾತು, ಬರೆದದ್ದನ್ನು ಓದಿದ್ದು. ಈಗ ಅವನ ಬಾಯಿಗೆ ಅಷ್ಟುದ್ದ ಬಾರದು. ಒಂದಕ್ಷರ ಕೊಟ್ಟು ನಿಲ್ಲಿಸಿ. ನಿಮ್ಮ ಮದುವೆಯಲ್ಲಿ ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಕೇಳಿದಾಗ ನೀವು ಹೆಸರನ್ನು ಪ್ರಾಸದೊಳಗೆ ಸೇರಿಸಿ, ಒಡಪು ಹಾಕಿ ಹೇಳಿದಿರಂತೆ. ರೊಟ್ಟಿ, ತುಪ್ಪ ಎಂದು ಏನೋ. ಆಟೋದಲ್ಲಿ ಅವನು ನನಗೆ ನೂರು ಸಲ ಹೇಳಿದ್ದಾನೆ, ಹೇಳಿ ಹೇಳಿ ತಾನೇ ನಗುತ್ತಿದ್ದ. ಒಡಪಿನೊಳಗೆ ಬಂದರೆ ಹೆಸರು ಹಿಡಿದಂತೆ ಅಲ್ಲವಲ್ಲ ಅಕ್ಕಾ?

ಹುಲುಗೇಶ

* * *

ಕೊಟ್ಟೂರು
2-4-2025

ಹುಲುಗೇಶಣ್ಣಾ,

ತಿಂಗಳಾಯಿತು ನಿಮ್ಮ ಕಾಗದ ಬಂದು. ಓದಿ ಕಲ್ಲು ಮನಸ್ಸು ಎಂದದ್ದಕ್ಕೆ ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ. ಇವರಿಗೆ ಓದಿ ಹೇಳಿದೆ, ಕಿವಿಯ ವಿಷಯವನ್ನೂ ಬಿಡದೆ ಹೇಳಿದೆ. ಬಹಳ ಹೊತ್ತು ಕಾಗದವನ್ನು ಎದೆಗೆ ಒತ್ತಿ ಹಿಡಿದಿದ್ದರು. ಆಮೇಲೆ ನನ್ನ ಕೈ ಹಿಡಿದು ಆ ಕೋಣೆಗೆ ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದರು. ದಿನಕ್ಕೊಂದು ಪ್ರಚಾರ ಕೇಳುತ್ತಿದ್ದಾರೆ ಈಗ. ಅಳುವುದಿಲ್ಲ.

ಒಡಪು ಮಾತ್ರ ನನ್ನಿಂದ ಆಗಿರಲಿಲ್ಲ. ದಿನವೂ ಎದುರಿಗೆ ಕೂರುವುದು, ಗಂಟಲು ಸರಿಮಾಡಿಕೊಳ್ಳುವುದು, ಏನೋ ಕೆಲಸ ನೆನಪಾದಂತೆ ಎದ್ದು ಹೋಗುವುದು. ಆಮೇಲೆ ಯುಗಾದಿ ಬಂತು. ಬೇವು ಬೆಲ್ಲ ಕೊಡಲು ಹೋದೆ. ಇವರು ಬಟ್ಟಲು ತೆಗೆದುಕೊಂಡು ನನ್ನ ಮುಖವನ್ನೇ ನೋಡಿದರು. ಪ್ರತಿ ವರ್ಷ ‘ಬೆಲ್ಲ ನನಗ, ಬೇವು ನಿನಗ’ ಎಂದು ಕಾಡುತ್ತಿದ್ದವರು. ಈ ಸಲ ಬಾಯಿ ಅಲ್ಲಾಡಿತು, ಏನೂ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು, ಮದುವೆಯ ದಿನ ಹೇಳಿದಂತೆಯೇ ರಾಗವಾಗಿ ಹೇಳಿದೆ:

‘ಖಡಕ್ ರೊಟ್ಟಿಗಿ ಇರಬೇಕು ಕೆನಿಮೊಸರು, ತುಪ್ಪ,
ಸಂತಿಗೆಲ್ಲ ಕೇಳೂ ದನಿಯವ್ರು ನನ್ನ ರಾಯರು ಮ...’

ಅಲ್ಲಿಗೆ ನಿಂತುಹೋಯಿತು. ನಿಮ್ಮ ಟ್ಯಾಬಿನ ಪಾಠ ನೆನಪಾಗಿ ನಿಲ್ಲಿಸಿದೆ ಎಂದುಕೊಳ್ಳಬೇಡಿ. ಹೆದರಿಕೆಯಾಗಿ ನಿಂತದ್ದು. ಅದೇ ಕಚೇರಿ, ಅದೇ ನಗು, ಇವರು ಬಿದ್ದ ಸದ್ದು, ಎಲ್ಲ ಒಟ್ಟಿಗೆ ಬಂದವು. ಬಾಯಿ ತೆರೆದುಕೊಂಡೇ ಕೂತಿದ್ದೆ.

ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹಣೆಯಲ್ಲಿ ಬೆವರು ಮೂಡಿತು. ಬಟ್ಟಲು ಕೆಳಗಿಟ್ಟರು. ‘ತಾ’ ಬರುತ್ತದೆ ಎಂದುಕೊಂಡೆ. ಬರಲಿಲ್ಲ.

‘ರು’ ಎಂದರು. ಉಸಿರೆಳೆದುಕೊಂಡರು. ‘ಳಪ್ಪ’ ಎಂದರು.

ಅತ್ತೆ ಕೈಯಲ್ಲಿದ್ದ ತಟ್ಟೆ ಬಿಟ್ಟರು. ‘ಇನ್ನೊಮ್ಮೆ ಅನ್ನಪಾ, ನನ್ನಪ್ಪಾ ಇನ್ನೊಮ್ಮೆ ಅನ್ನು’ ಎಂದು ಅತ್ತರು. ನಾನು ಮತ್ತೆ ರೊಟ್ಟಿಯಿಂದ ಶುರುಮಾಡಿದೆ. ಮತ್ತೆ ಅಂದರು. ಏಳು ಸಲ ಹೇಳಿಸಿದೆ. ಏಳನೆಯ ಸಲಕ್ಕೆ ನಗುತ್ತಿದ್ದರು. ಬೇರೆ ಮಾತು ಇನ್ನೂ ಬಂದಿಲ್ಲ, ‘ತಾ ತಾ’ ಇದ್ದೇ ಇದೆ. ಸುಕನ್ಯಾ ಮೇಡಂ ಇನ್ನು ಬರುತ್ತದೆ ಎಂದಿದ್ದಾರೆ. ಇವರು ಗಟ್ಟಿಯಾಗಿದ್ದಾರೆ, ನಿನ್ನೆ ಎರಡು ಹೋಳಿಗೆ ತಿಂದರು.

ನಿಮಗೆ ಕೇಳಿಸಬೇಕೆಂದು ಫೋನಿಗೆ ಕೈ ಹಾಕಿದವಳು ನೆನಪಾಗಿ ಇಟ್ಟೆ. ನಿಮಗೆ ತಿಳಿಯಬೇಕಾದರೆ ನಾನು ಬರೆಯಲೇಬೇಕು, ಬೇರೆ ದಾರಿಯಿಲ್ಲ. ಇಲ್ಲಿ ಟ್ಯಾಬ್ ಗುಂಡಿಯೂ ಇಲ್ಲ. ಕಾಲು ವಾಸಿಯಾದ ಕೂಡಲೇ ಬನ್ನಿ. ಇವರು ಹೇಳುತ್ತಾರೆ, ನೀವು ತುಟಿ ನೋಡಿ ಓದಿಕೊಳ್ಳಿ.

ಹೀಗೆಂದು ಬರೆದವಳು,
ಕೊಟ್ರಮ್ಮ ಗಂಡ ಮರುಳಪ್ಪ
ಕೊಟ್ಟೂರು